ಜಾರಿದ್ದೋ ಬಿದ್ದದ್ದೋ: ಮರುಕಳಿಕೆಯನ್ನು ಹೇಳುವ ಕನ್ನಡದ ಮಾತುಗಳು

ಜಗಳೂರು ತಾಲ್ಲೂಕಿನ ನಮ್ಮ ಊರಿನಲ್ಲಿ ಮದ್ಯವರ್ಜನ ಶಿಬಿರದಿಂದ ಬಂದ ಮೇಲೆ ಏಳು ತಿಂಗಳು ಒಂದು ಹನಿಯನ್ನೂ ಮುಟ್ಟದೆ ಇದ್ದ ರೈತನೊಬ್ಬ ಯುಗಾದಿಯ ಮಾರನೆಯ ದಿನ, ಕರಿ ಎನ್ನುವ ಆ ದಿನದ ಬಾಡೂಟಕ್ಕೆಂದು ನೆಂಟರ ಮನೆಗೆ ಹೋದವನು ಸಂಜೆ ಕುಡಿದು ಬಂದ. ಮರುದಿನ ಬೆಳಿಗ್ಗೆ ಮಿನಿ ಟ್ಯಾಂಕಿನ ಬಳಿ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರ ನಡುವೆ ಅದೇ ಮಾತು. ‘ಮತ್ತೆ ಶುರು ಹಚ್ಕಂಡ ನೋಡವ್ವ, ಹಳೇ ಚಾಳಿ ಎಲ್ಲಿಗ್ ಹೋಕತಿ’ ಎಂದು ಒಬ್ಬಾಕೆ ಅಂದಳು. ಅಲ್ಲೇ ನಿಂತಿದ್ದ ಆತನ ಹೆಂಡತಿ ಬಿಂದಿಗೆಯನ್ನು ನಲ್ಲಿಯ ಕೆಳಗೆ ಸರಿಸುತ್ತಾ, ತಲೆ ಎತ್ತದೆ, ‘ಕಾಲು ಜಾರೇತಿ ಕಣಕ್ಕ, ಬಿದ್ದಿಲ್ಲ’ ಎಂದಳು.

ನಡೆದ ಸಂಗತಿ ಒಂದೇ, ಅದನ್ನು ಹೇಳಿದ ಮಾತುಗಳು ಎರಡು. ಮೊದಲನೆಯ ಮಾತು ಆ ಮನುಷ್ಯನ ಕಥೆಯನ್ನು ಅಲ್ಲಿಗೇ ಮುಗಿಸಿತು, ಎರಡನೆಯದು ಮುಗಿಸಲಿಲ್ಲ. ಬಿಟ್ಟ ಅಭ್ಯಾಸಕ್ಕೆ ಮತ್ತೆ ತಗಲಿಕೊಳ್ಳುವುದನ್ನು, ವಾಸಿಯಾದ ರೋಗ ತಿರುಗಿ ಬರುವುದನ್ನು, ಸುಧಾರಿಸಿದ ಸ್ಥಿತಿ ಮತ್ತೆ ಕೆಡುವುದನ್ನು ಹೇಳಲು ಕನ್ನಡದಲ್ಲಿ ಹತ್ತಾರು ಮಾತುಗಳಿವೆ. ಅವು ಒಂದರ ಜಾಗದಲ್ಲಿ ಇನ್ನೊಂದು ಕೂರುವ ಸಮಾನಾರ್ಥಕ ಪದಗಳಲ್ಲ. ತಪ್ಪು ಯಾರದು, ಹಿಂದಕ್ಕೆ ಹೋದದ್ದು ಎಷ್ಟು ದೂರ, ತಿರುಗಿ ಬರುವ ದಾರಿ ಇದೆಯೋ ಇಲ್ಲವೋ ಎಂಬ ಮೂರು ಪ್ರಶ್ನೆಗಳಿಗೆ ಪ್ರತಿಯೊಂದು ಪದವೂ ತನ್ನೊಳಗೇ ಉತ್ತರವನ್ನು ಇಟ್ಟುಕೊಂಡಿರುತ್ತದೆ. ಪದವನ್ನು ಆರಿಸಿಕೊಂಡ ಗಳಿಗೆಯಲ್ಲೇ ನಾವು ತೀರ್ಪನ್ನೂ ಕೊಟ್ಟಿರುತ್ತೇವೆ.

ಇದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ವಾಕ್ಯದ ಕಟ್ಟಿನಲ್ಲಿ. ಒಬ್ಬ ಮನುಷ್ಯ ಮೊದಲ ಸಲ ಕುಡಿತಕ್ಕೋ ಬೀಡಿಗೋ ಇಸ್ಪೀಟಿಗೋ ತಗಲಿಕೊಂಡಾಗ ನಾವು ‘ಅವನಿಗೆ ಚಟ ಹತ್ತಿತು’, ‘ಅವನಿಗೆ ಚಟ ಅಂಟಿತು’ ಎನ್ನುತ್ತೇವೆ. ಇಲ್ಲಿ ಕರ್ತೃ ಚಟವೇ ಹೊರತು ಮನುಷ್ಯನಲ್ಲ; ಅವನು ಚತುರ್ಥಿ ವಿಭಕ್ತಿಯಲ್ಲಿ, ಬೆಂಕಿ ಹತ್ತಿದ ಬಣವೆಯಂತೆ, ತಗಲಿದ್ದನ್ನು ಅನುಭವಿಸುವವನಾಗಿ ನಿಂತಿದ್ದಾನೆ. ಜ್ವರ ಬಂತು, ನೆಗಡಿಯಾಯಿತು, ಸಿಟ್ಟು ಬಂತು ಎನ್ನುವಾಗಲೂ ನಮ್ಮ ಭಾಷೆ ಮನುಷ್ಯನನ್ನು ಇದೇ ಜಾಗದಲ್ಲಿ ನಿಲ್ಲಿಸುತ್ತದೆ. ಅವನು ಚಟವನ್ನು ಬಿಟ್ಟಾಗ ಮಾತ್ರ ‘ಅವನು ಬಿಟ್ಟ’ ಎಂದು ಕರ್ತೃವಿನ ಸ್ಥಾನವನ್ನು ಅವನಿಗೆ ಕೊಡುತ್ತೇವೆ, ಅದು ನ್ಯಾಯವೇ. ಆದರೆ ಅವನು ಎರಡನೆಯ ಸಲ ಆ ಕಡೆಗೆ ಹೋದಾಗ ‘ಅವನಿಗೆ ಮತ್ತೆ ಹತ್ತಿತು’ ಎನ್ನುವುದು ಅಪರೂಪ. ‘ಮತ್ತೆ ಶುರು ಹಚ್ಚಿಕೊಂಡ’ ಎನ್ನುತ್ತೇವೆ. ಕರ್ತೃ ಅವನೇ, ಜೊತೆಗೆ ‘ಕೊಳ್ಳು’ ಎಂಬ ಸಹಾಯಕ ಕ್ರಿಯಾಪದ ಸೇರಿ, ಅವನು ತನಗಾಗಿ, ತಾನೇ ಬಯಸಿ ಮಾಡಿಕೊಂಡ ಕೆಲಸ ಎಂಬ ಅರ್ಥ ಬರುತ್ತದೆ. ಮೊದಲ ಸಲ ತಗಲಿದ್ದನ್ನು ರೋಗದಂತೆ ಕಾಣುವ ನಮ್ಮ ಮಾತು ಎರಡನೆಯ ಸಲದ್ದನ್ನು ಅಪರಾಧದಂತೆ ಕಾಣುತ್ತದೆ. ಮಿನಿ ಟ್ಯಾಂಕಿನ ಬಳಿಯ ಆ ಮೊದಲ ಹೆಂಗಸು ಕೆಟ್ಟವಳಲ್ಲ. ಊರಿನಲ್ಲಿ ಎಲ್ಲರೂ ಆಡುವ ವಾಕ್ಯವನ್ನೇ ಆಕೆಯೂ ಆಡಿದಳು.

ಬಿಟ್ಟ ಚಟಕ್ಕೆ ಮರಳುವುದರ ಬಗ್ಗೆ ವೈದ್ಯಕೀಯ ಹೇಳುವುದು ಬೇರೆ. ಮದ್ಯ, ತಂಬಾಕು, ಇತರ ಮಾದಕ ವಸ್ತುಗಳ ವ್ಯಸನವನ್ನು ಇಂದು ದೀರ್ಘಕಾಲದ ಕಾಯಿಲೆ ಎಂದು ಪರಿಗಣಿಸಲಾಗುತ್ತದೆ. ಅಮೆರಿಕದ ರಾಷ್ಟ್ರೀಯ ಮಾದಕವಸ್ತು ದುರ್ಬಳಕೆ ಸಂಸ್ಥೆ ಕೊಡುವ ಅಂದಾಜಿನಂತೆ ವ್ಯಸನಕ್ಕೆ ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಮಂದಿಯಲ್ಲಿ ಅದು ಮರುಕಳಿಸುತ್ತದೆ. ರಕ್ತದೊತ್ತಡ ಮತ್ತು ಆಸ್ತಮಾ ಇರುವವರಲ್ಲಿ ಈ ಪ್ರಮಾಣ ಶೇ 50ರಿಂದ 70. ರಕ್ತದೊತ್ತಡ ಮತ್ತೆ ಏರಿದಾಗ ಮಾತ್ರೆಯ ಪ್ರಮಾಣವನ್ನು ಬದಲಿಸುತ್ತೇವೆಯೇ ಹೊರತು ‘ಹಳೇ ಚಾಳಿ’ ಎನ್ನುವುದಿಲ್ಲ. ವರ್ಷಗಟ್ಟಲೆ ಕುಡಿದ ಮೆದುಳು ಕುಡಿತವನ್ನು ಮಾತ್ರ ನೆನಪಿಟ್ಟುಕೊಂಡಿರುವುದಿಲ್ಲ. ಅದರ ಸುತ್ತಲಿನ ಹೊತ್ತು, ದಾರಿ, ಗೆಳೆಯರ ದನಿ, ಕರಿದ ಮೀನಿನ ವಾಸನೆ, ಹಬ್ಬದ ಮಾರನೆಯ ದಿನದ ಬಿಡುವು ಇವೆಲ್ಲವನ್ನೂ ಅದಕ್ಕೆ ಗಂಟು ಹಾಕಿ ಇಟ್ಟುಕೊಂಡಿರುತ್ತದೆ. ಶಿಬಿರದ ಎಂಟು ದಿನಗಳಲ್ಲಿ ಅವು ಯಾವುವೂ ಎದುರಿಗೆ ಇರುವುದಿಲ್ಲ. ಊರಿಗೆ ಬಂದ ಮೇಲೆ ಒಂದೊಂದಾಗಿ ಎದುರಾಗುತ್ತವೆ, ಪ್ರತಿಯೊಂದೂ ಒಳಗಿನ ಕಡುಬಯಕೆಯನ್ನು ಕೆಣಕುತ್ತದೆ.

ಹೆಂಡತಿ ಹೇಳಿದ ಜಾರುವುದು ಮತ್ತು ಬೀಳುವುದರ ನಡುವಿನ ಭೇದವನ್ನು ಮನಶ್ಶಾಸ್ತ್ರವೂ ಮಾಡುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಾಟ್ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದಲ್ಲಿ ಮರುಕಳಿಕೆಯನ್ನು ತಡೆಯುವ ಚಿಕಿತ್ಸೆಯನ್ನು ರೂಪಿಸುವಾಗ, ಒಂದು ಸಲದ ಎಡವಟ್ಟು ಬೇರೆ, ಪೂರ್ತಿಯಾಗಿ ಹಳೆಯ ಸ್ಥಿತಿಗೆ ಹೋಗುವುದು ಬೇರೆ ಎಂದು ಒತ್ತಿ ಹೇಳಿದರು. ಮೊದಲನೆಯದು ಎರಡನೆಯದಾಗುವುದಕ್ಕೆ ಅವರು ತೋರಿಸಿದ ಮುಖ್ಯ ಕಾರಣ ಕುಡಿದ ಗ್ಲಾಸಲ್ಲ, ಆ ಬಳಿಕ ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಮಾತು. ವ್ರತ ಮುರಿಯಿತು, ನನ್ನ ಕೈಲಿ ಆಗುವುದಿಲ್ಲ, ಇನ್ನು ಉಳಿದದ್ದೇನು ಎಂದು ಆತ ಅಂದುಕೊಂಡ ಕೂಡಲೇ ಒಂದು ಸಂಜೆಯ ಕುಡಿತ ಒಂದು ತಿಂಗಳಿನದಾಗುತ್ತದೆ. ‘ಮುಳುಗಿದವನಿಗೆ ಚಳಿಯೇನು, ಮಳೆಯೇನು’ ಎಂಬ ನಮ್ಮ ಗಾದೆ ಈ ಮನಸ್ಥಿತಿಯನ್ನು ಮಾರ್ಲಾಟ್ ಅವರ ಪಾರಿಭಾಷಿಕ ಪದಕ್ಕಿಂತ ಚೊಕ್ಕವಾಗಿ ಹಿಡಿದಿದೆ ಎಂದು ನನಗೆ ಅನ್ನಿಸುತ್ತದೆ. ಹಾಗಾಗಿ, ಜಾರಿದವನಿಗೆ ‘ನೀನು ಮುಳುಗಿದೆ’ ಎಂದು ಊರು ಹೇಳಿದರೆ ಆ ಮಾತು ರೋಗವನ್ನು ಬಣ್ಣಿಸುವುದಷ್ಟೇ ಅಲ್ಲ, ಅದನ್ನು ಬೆಳೆಸುತ್ತದೆ.

ಕನ್ನಡದಲ್ಲಿ ಇದಕ್ಕೆ ಬೇಕಾದ ಕ್ರಿಯಾಪದಗಳು ಮೊದಲಿನಿಂದಲೂ ಮೆಟ್ಟಿಲು ಮೆಟ್ಟಿಲಾಗಿ ಇವೆ. ಎಡವುವುದು ನಡೆಯುವಾಗ ಆಗುವಂಥದ್ದು, ನಡೆಯದವನು ಎಡವುವುದಿಲ್ಲ. ‘ಎಡವಿದ ಕಾಲೇ ಎಡವುತ್ತದೆ’ ಎಂಬ ಮಾತು ಕೂಡ ಮನುಷ್ಯನನ್ನು ದೂರುವುದಿಲ್ಲ, ಒಮ್ಮೆ ಪೆಟ್ಟಾದ ಜಾಗ ಮೆದುವಾಗಿರುತ್ತದೆ ಎಂದಷ್ಟೇ ಹೇಳುತ್ತದೆ. ಜಾರುವುದರಲ್ಲಿ ನೆಲದ ಪಾಲೂ ಇದೆ: ಪಾಚಿ, ಕೆಸರು, ಇಳಿಜಾರು. ಬೀಳುವುದು ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ, ಆದರೆ ಬಿದ್ದವನು ಎದ್ದಾನು. ಮುಳುಗುವುದು, ತೊಳಲುವುದು, ಕೊಚ್ಚಿಹೋಗುವುದು ಇನ್ನೂ ಕೆಳಗಿನವು. ಸಂಸ್ಕೃತದಿಂದ ಬಂದ ಅಧಃಪತನ, ಅಧೋಗತಿ ಎಂಬ ಪದಗಳಲ್ಲಿ ಎದ್ದು ಬರುವ ಮಾತೇ ಕೇಳಿಸುವುದಿಲ್ಲ. ಅವು ಸಾಮ್ರಾಜ್ಯಗಳಿಗೂ ಸಂಸ್ಥೆಗಳಿಗೂ ಒಪ್ಪುತ್ತವೆ. ನೆರೆಮನೆಯ ಮನುಷ್ಯನ ಬಗ್ಗೆ ಮಾತನಾಡುವಾಗ ಅವನ್ನು ಮುಟ್ಟದಿರುವುದೇ ಲೇಸು.

ನಾಮಪದಗಳಲ್ಲೂ ಇಂಥದೇ ಏರಿಳಿತವಿದೆ. ರೂಢಿ, ಅಭ್ಯಾಸ, ಪರಿಪಾಠ ಎಂಬವು ಯಾರನ್ನೂ ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ಬೆಳಿಗ್ಗೆ ಬೇಗ ಏಳುವುದೂ ರೂಢಿಯೇ. ಗೀಳು ಎಂದರೆ ಮನಸ್ಸು ಒಂದರ ಮೇಲೆ ನೆಟ್ಟುಹೋಗಿ ಅಲ್ಲಿಂದ ಕೀಳಲಾಗದ ಸ್ಥಿತಿ, ಅದು ಪುಸ್ತಕದ ಗೀಳೂ ಆಗಬಹುದು. ಚಟ ದೇಹಕ್ಕೆ ಅಂಟಿದ್ದು. ಚಾಳಿ ಮಾತ್ರ ಸ್ವಭಾವದ ಮೇಲೆ ಹೊರಿಸುವ ಆಪಾದನೆ. ಒಳ್ಳೆಯ ಚಾಳಿ ಎಂದು ಯಾರೂ ಹೇಳುವುದಿಲ್ಲ. ‘ಹಳೇ’ ಎಂಬ ವಿಶೇಷಣ ಅದರ ಜೊತೆಗೆ ಸೇರಿದರಂತೂ, ನಡುವೆ ಕಳೆದ ಒಳ್ಳೆಯ ಏಳು ತಿಂಗಳು ಲೆಕ್ಕದಿಂದಲೇ ಅಳಿಸಿಹೋಗುತ್ತವೆ. ಬಿಟ್ಟದ್ದು ಸುಳ್ಳು, ಈಗಿನದೇ ನಿಜ ಎಂಬಂತಾಗುತ್ತದೆ.

ಇನ್ನು ‘ಮರುಕಳಿಸು’ ಎಂಬ ಪದಕ್ಕೆ ಬರೋಣ. ಎರಡನೆಯ, ಮುಂದಿನ, ತಿರುಗಿ ಎಂಬ ಅರ್ಥಗಳ ‘ಮರು’ ಎಂಬುದು ಇದರ ತಲೆಯಲ್ಲಿದೆ. ಮರುದಿನ, ಮರುಮಾತು, ಮರುಜನ್ಮಗಳಲ್ಲಿ ಇರುವುದೂ ಅದೇ. ವಾಸಿಯಾಯಿತು ಎಂದುಕೊಂಡ ಜ್ವರ ತಿರುಗಿ ಬಂದಾಗ ‘ಮರುಕಳಿಸಿತು’ ಎನ್ನುವುದು ಇದರ ಹಳೆಯ, ಗಟ್ಟಿಯಾದ ಬಳಕೆ. ಈಗ ‘ಇಂತಹ ಘಟನೆಗಳು ಮರುಕಳಿಸದಂತೆ ಕ್ರಮ ಕೈಗೊಳ್ಳಲಾಗುವುದು’ ಎಂಬ ಕಚೇರಿಯ ವಾಕ್ಯದಲ್ಲಿ ದಿನವೂ ಓದಿ ಓದಿ ಅದು ಸವೆದಿದೆ. ಗತವೈಭವ ಮರುಕಳಿಸಲಿ ಎಂದು ಹಾರೈಸುವಾಗ ಒಳ್ಳೆಯದಕ್ಕೂ ಸಲ್ಲುತ್ತಿದೆ. ಆದರೂ ಈ ಪದದ ದೊಡ್ಡ ಗುಣ ಉಳಿದುಕೊಂಡಿದೆ. ಇದರ ಕರ್ತೃ ರೋಗವೇ ಆಗಿರುತ್ತದೆ, ರೋಗಿಯಲ್ಲ. ‘ಅವನು ಮರುಕಳಿಸಿದ’ ಎಂದು ಹೇಳಲು ಕನ್ನಡದಲ್ಲಿ ಬರುವುದೇ ಇಲ್ಲ. ವ್ಯಸನದ ಬಗ್ಗೆ ಬರೆಯುವವರು ಈ ಪದವನ್ನೇ ಹಿಡಿಯಬೇಕು ಎಂದು ನಾನು ವಾದಿಸುವುದು ಈ ಕಾರಣಕ್ಕೆ.

ಆಸ್ಪತ್ರೆಯೊಳಗೆ ಈ ಒಂದು ಪದದ ಹೊಟ್ಟೆಯಲ್ಲಿ ಬೇರೆ ಬೇರೆ ಸಂಗತಿಗಳು ಅಡಗಿರುತ್ತವೆ ಎಂಬುದನ್ನೂ ತಿಳಿದಿರಬೇಕು. ಮಲೇರಿಯಾದ ವೈವಾಕ್ಸ್ ಎಂಬ ಬಗೆಯಲ್ಲಿ ರಕ್ತದೊಳಗಿನ ಪರೋಪಜೀವಿಗಳೆಲ್ಲ ಸತ್ತ ಮೇಲೂ ಕೆಲವು ಯಕೃತ್ತಿನಲ್ಲಿ ನಿದ್ರಿಸುತ್ತಾ ಉಳಿದು, ವಾರಗಳ ಅಥವಾ ತಿಂಗಳುಗಳ ನಂತರ ಎಚ್ಚೆತ್ತು ಜ್ವರ ತರುತ್ತವೆ. ಜ್ವರ ನಿಂತ ಮೇಲೂ ಪ್ರೈಮಾಕ್ವಿನ್ ಮಾತ್ರೆಯನ್ನು 14 ದಿನ ನುಂಗಿಸುವುದು ಆ ನಿದ್ರಿಸುತ್ತಿರುವವುಗಳನ್ನು ಕೊಲ್ಲುವುದಕ್ಕೆ. ಫಾಲ್ಸಿಪಾರಮ್ ಬಗೆಯಲ್ಲಿ ಹೀಗೆ ಯಕೃತ್ತಿನಲ್ಲಿ ಅಡಗುವುದಿಲ್ಲ. ಅಲ್ಲಿ ಜ್ವರ ತಿರುಗಿ ಬಂದರೆ ರಕ್ತದಲ್ಲೇ ಪೂರ್ತಿ ಸಾಯದೆ ಉಳಿದವು ಮತ್ತೆ ಹೆಚ್ಚಿವೆ ಎಂದರ್ಥ. ಹೊಸ ಸೊಳ್ಳೆ ಕಚ್ಚಿ ಹೊಸದಾಗಿ ತಗಲಿದ್ದರೆ ಅದು ಮೂರನೆಯ ಸಂಗತಿ. ಮನೆಯಲ್ಲಿ ಮೂರಕ್ಕೂ ‘ಜ್ವರ ಮರುಕಳಿಸಿತು’ ಎಂದೇ ಹೇಳುತ್ತೇವೆ, ಆದರೆ ವೈದ್ಯರು ಮಾಡಬೇಕಾದದ್ದು ಮೂರಕ್ಕೂ ಒಂದೇ ಅಲ್ಲ.

ಕ್ಷಯರೋಗದ ವಿಷಯದಲ್ಲಿ ಪದದ ಆಯ್ಕೆಯೇ ಜಗತ್ತಿನ ಮಟ್ಟದಲ್ಲಿ ಬದಲಾಯಿತು. ಸಾಮಾನ್ಯವಾಗಿ ಆರು ತಿಂಗಳು ನಡೆಯುವ ಆ ಚಿಕಿತ್ಸೆಯನ್ನು ಮುಗಿಸಿ ಗುಣವಾದವರಲ್ಲಿ ರೋಗ ಮತ್ತೆ ಕಂಡರೆ ಅದು ಮರುಕಳಿಕೆ. ಚಿಕಿತ್ಸೆಯನ್ನು ನಡುವೆ ಬಿಟ್ಟವರಿಗೆ ಬಹುಕಾಲ ‘ಡಿಫಾಲ್ಟರ್’ ಎಂಬ ಪದವಿತ್ತು, ಸೊಸೈಟಿಯ ಸಾಲ ಕಟ್ಟದವರಿಗೆ ನಾವು ಹೇಳುತ್ತೇವಲ್ಲ, ಅದೇ ಪದ. ಕೂಲಿಗೆಂದು ಬೆಂಗಳೂರಿಗೋ ಮಲೆನಾಡಿನ ತೋಟಗಳಿಗೋ ಗುಳೆ ಹೋಗಿ, ಅಲ್ಲಿ ಮಾತ್ರೆ ಸಿಗದೆ ಚಿಕಿತ್ಸೆ ತಪ್ಪಿದವನನ್ನೂ ಅದು ಸುಸ್ತಿದಾರನನ್ನಾಗಿ ಮಾಡುತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕ್ಷಯದ ವ್ಯಾಖ್ಯೆಗಳನ್ನು ಪರಿಷ್ಕರಿಸಿದಾಗ ಆ ಪದವನ್ನು ಕೈಬಿಟ್ಟು, ರೋಗಿ ಆರೈಕೆಯ ಸಂಪರ್ಕದಿಂದ ತಪ್ಪಿಹೋಗಿದ್ದಾನೆ ಎಂಬ ಅರ್ಥದ ಪದವನ್ನು ಇಟ್ಟಿತು. ತಪ್ಪಿಹೋದವನನ್ನು ಹುಡುಕಿಕೊಂಡು ಹೋಗಬೇಕಾದವರು ಯಾರು ಎಂಬ ಪ್ರಶ್ನೆ ಆಗ ತಾನಾಗಿಯೇ ಎದ್ದು ನಿಲ್ಲುತ್ತದೆ; ಸುಸ್ತಿದಾರನ ವಿಷಯದಲ್ಲಿ ಆ ಪ್ರಶ್ನೆಯೇ ಹುಟ್ಟುವುದಿಲ್ಲ.

ಹಿಂದಕ್ಕೆ ಹೋಗುವುದು ಒಂದು, ಇದ್ದದ್ದಕ್ಕಿಂತ ಕೆಡುವುದು ಇನ್ನೊಂದು. ಇವೆರಡನ್ನೂ ನಾವು ಬೆರೆಸಿಬಿಡುತ್ತೇವೆ. ಉಲ್ಬಣಿಸುವುದು ಎಂದರೆ ಇರುವ ರೋಗವೇ ಜೋರಾಗುವುದು, ಅದರಲ್ಲಿ ತಿರುಗಿ ಬಂದ ಅರ್ಥವಿಲ್ಲ. ಬಿಗಡಾಯಿಸುವುದು ಹಿಂದಿ, ಮರಾಠಿಗಳ ಕಡೆಯಿಂದ ಬಂದ ಪದ. ಮಾತುಕತೆ, ಸಂಬಂಧ, ಪರಿಸ್ಥಿತಿ ಕೈಮೀರುವುದಕ್ಕೆ ಹೆಚ್ಚಾಗಿ ಸಲ್ಲುತ್ತದೆ. ನನಗೆ ಪ್ರಿಯವಾದ ಪದ ಹದಗೆಡುವುದು. ಹದ ಮತ್ತು ಕೆಡು ಕೂಡಿ, ಆದೇಶ ಸಂಧಿಯಲ್ಲಿ ಕಕಾರ ಗಕಾರವಾಗಿ ಹುಟ್ಟಿದ ಈ ಪದ ಅಡುಗೆಮನೆ ಮತ್ತು ಹೊಲ ಎರಡನ್ನೂ ಬಲ್ಲದು. ದಾವಣಗೆರೆಯ ಬೆಣ್ಣೆ ದೋಸೆಗೆ ಅಕ್ಕಿ, ಉದ್ದು, ಮಂಡಕ್ಕಿಗಳನ್ನು ರುಬ್ಬಿ ರಾತ್ರಿಯಿಡೀ ಹುದುಗಿಸಿದ ಹಿಟ್ಟು ಬೆಳಗಿನ ಒಂದು ಹೊತ್ತಿನಲ್ಲಿ ಹದಕ್ಕೆ ಬಂದಿರುತ್ತದೆ. ಸೌಟಿನಿಂದ ಎತ್ತಿ ಸುರಿದರೆ ತಡವರಿಸದೆ ಇಳಿಯುತ್ತದೆ, ಕಾವಲಿಯ ಮೇಲೆ ಸಣ್ಣ ಸಣ್ಣ ಕಣ್ಣು ಬಿಡುತ್ತದೆ. ಬಿಸಿಲೇರಿ ಹುಳಿ ಮೀರಿದರೆ ಹದ ಕೆಟ್ಟಿತು. ಅದನ್ನು ಬೆಳಗಿನ ಸ್ಥಿತಿಗೆ ತರಲು ಯಾರಿಂದಲೂ ಆಗದು. ನಮ್ಮ ಎರೆಹೊಲದ್ದೂ ಹಾಗೆಯೇ. ಮಳೆಯಾದ ಮೇಲೆ ಮಣ್ಣು ಕಾಲಿಗೆ ಅಂಟದಷ್ಟು ಆರಿ, ಗಟ್ಟಿಯೂ ಆಗದೆ ಇರುವ ಒಂದೆರಡು ದಿನಗಳಷ್ಟೇ ಹದ. ಅದಕ್ಕೆ ಮೊದಲೇ ಹೊಲಕ್ಕೆ ಇಳಿದರೆ ಹೆಂಟೆ ಏಳುತ್ತದೆ, ತಡ ಮಾಡಿದರೆ ನೇಗಿಲು ಇಳಿಯುವುದಿಲ್ಲ. ಆದ್ದರಿಂದ ಹದಗೆಟ್ಟಿತು ಎನ್ನಬೇಕಾದರೆ ಮೊದಲು ಹದ ಇದ್ದಿರಬೇಕು. ಹುಟ್ಟಿದಾಗಿನಿಂದ ಗುಂಡಿ ಬಿದ್ದಿರುವ ರಸ್ತೆಯನ್ನು ‘ಹದಗೆಟ್ಟ ರಸ್ತೆ’ ಎಂದು ಬರೆದರೆ, ಅದು ಒಂದು ಕಾಲಕ್ಕೆ ಚೆನ್ನಾಗಿತ್ತು ಎಂಬ ಸುಳ್ಳು ಸಾಕ್ಷಿಯನ್ನು ನಾವೇ ನುಡಿದಂತೆ.

ಹಿಂಜರಿಯುವುದರ ಕಥೆ ವಿಚಿತ್ರ. ಹಿಂದಕ್ಕೆ ಜರಿಯುವುದು, ಎಂದರೆ ಜಾರುವುದು, ಎಂಬ ಮೂಲಾರ್ಥ ಆಡುಮಾತಿನಲ್ಲಿ ಮರೆಯಾಗಿ, ಈಗ ಹೇಳಲೋ ಬೇಡವೋ ಎಂದು ತಡೆದು ನಿಲ್ಲುವುದಕ್ಕೆ ಮಾತ್ರ ಆ ಪದ ಉಳಿದಿದೆ. ಆದರೆ ಪತ್ರಿಕೆಗಳು ‘ಆರ್ಥಿಕ ಹಿಂಜರಿತ’ ಎಂದು ಬರೆಯುವಾಗ ಆ ಹಳೆಯ ಅರ್ಥವೇ ಎದ್ದು ಬರುತ್ತದೆ. ಸತತ ಎರಡು ತ್ರೈಮಾಸಿಕಗಳಲ್ಲಿ ಆರ್ಥಿಕತೆ ಕುಗ್ಗಿದರೆ ಹಾಗೆನ್ನುವುದು ವಾಡಿಕೆ, 2020ರಲ್ಲಿ ಭಾರತದಲ್ಲಿ ಆದದ್ದು ಅದೇ. ದಾವಣಗೆರೆಯ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಧಾರಣೆಗೆ ಮಾತ್ರ ಹಿಂಜರಿತವಿಲ್ಲ, ಅದು ಕುಸಿಯುತ್ತದೆ ಅಥವಾ ಬೀಳುತ್ತದೆ. ಹತ್ತಿ ಗಿರಣಿಗಳಿಂದಾಗಿ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನಿಸಿಕೊಂಡಿದ್ದ ಊರಿನಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದಕ್ಕೆ ಈ ಯಾವ ಪದವೂ ಸಾಲದು. ಅಲ್ಲಿ ಕೆಲಸ ಮಾಡಿದ ಹಿರಿಯರು ‘ಗಿರಣಿ ನಿಂತಿತು’ ಎಂದಷ್ಟೇ ಹೇಳುತ್ತಾರೆ.

ಗಾದೆಗಳ ವಿಷಯದಲ್ಲಿ ನನಗೆ ತಕರಾರಿದೆ. ‘ಹುಟ್ಟುಗುಣ ಸುಟ್ಟರೂ ಹೋಗದು’, ‘ನಾಯಿ ಬಾಲ ಎಂದಿಗೂ ಡೊಂಕು’ ಎಂಬವು ಮರಳಿ ಜಾರುವುದನ್ನು ವಿವರಿಸುವುದಿಲ್ಲ, ಮೊದಲೇ ನುಡಿದುಬಿಡುತ್ತವೆ. ಹಿತೋಪದೇಶದ ಕಥೆಯಲ್ಲಿ ಋಷಿ ತಾನು ಇಲಿಯಿಂದ ಬೆಕ್ಕಾಗಿ, ನಾಯಿಯಾಗಿ, ಹುಲಿಯಾಗಿ ಮಾಡಿದ ಪ್ರಾಣಿ ತನ್ನನ್ನೇ ಕೊಲ್ಲಬಂದಾಗ ‘ಪುನರ್ಮೂಷಿಕೋ ಭವ’ ಎಂದು ಮತ್ತೆ ಇಲಿಯಾಗಿಸುತ್ತಾನೆ. ಆ ಮಾತನ್ನು ನಾವು ಮೊದಲಿನ ಸ್ಥಿತಿಗೆ ಇಳಿದ ಯಾರಿಗೆ ಬೇಕಾದರೂ ಅನ್ವಯಿಸುತ್ತೇವೆ, ಆದರೆ ಅಲ್ಲಿ ಇಲಿ ತಾನಾಗಿ ಹಿಂದಕ್ಕೆ ಹೋಗಲಿಲ್ಲ, ಅದನ್ನು ಇಳಿಸಿದವನು ಬೇರೆ ಎಂಬುದನ್ನು ಮರೆಯುತ್ತೇವೆ.

ಮರಳಿ ತಪ್ಪು ಮಾಡುವುದು ಹುಟ್ಟಿನಿಂದಲೇ ಬಂದದ್ದು ಎಂಬ ನಂಬಿಕೆ ಗಾದೆಯಲ್ಲೇ ಉಳಿದಿದ್ದರೆ ಇಷ್ಟು ಹೇಳಬೇಕಾಗಿರಲಿಲ್ಲ. ಬ್ರಿಟಿಷ್ ಸರ್ಕಾರ 1871ರಲ್ಲಿ ಅದನ್ನು ಅಪರಾಧಿ ಬುಡಕಟ್ಟುಗಳ ಕಾಯ್ದೆಯಾಗಿ ಬರೆಯಿತು. ಕೆಲವು ಸಮುದಾಯಗಳಲ್ಲಿ ಹುಟ್ಟಿದವರೆಲ್ಲ ಕಳ್ಳತನಕ್ಕೆ ಮರಳುವವರೇ ಎಂದು ಹೆಸರು ದಾಖಲಿಸಿಕೊಂಡು ಕಾವಲಿಟ್ಟಿತು. 1952ರಲ್ಲಿ ಆ ಕಾಯ್ದೆ ರದ್ದಾಗಿ ಅವರು ವಿಮುಕ್ತರಾದರು. ಆದರೆ ಅದರ ಜಾಗದಲ್ಲಿ ರಾಜ್ಯಗಳಲ್ಲಿ ‘ರೂಢಿಗತ ಅಪರಾಧಿ’ಗಳ ಕಾಯ್ದೆಗಳು ಬಂದವು, ಕರ್ನಾಟಕದ್ದು 1961ರ ಕಾಯ್ದೆ. ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ, ಜೈಲುಗಳಲ್ಲಿನ ಜಾತಿ ತಾರತಮ್ಯದ ಕುರಿತ ತೀರ್ಪಿನಲ್ಲಿ, ‘ರೂಢಿಗತ ಅಪರಾಧಿ’ ಎಂಬ ಈ ಎರಡು ಪದಗಳು ವಿಮುಕ್ತ ಬುಡಕಟ್ಟುಗಳ ಜನರನ್ನೇ ಗುರಿ ಮಾಡಿದ್ದನ್ನು ಎತ್ತಿ ಹೇಳಿತು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಊರಂಚಿನಲ್ಲಿ ನೆಲೆನಿಂತ ಅಲೆಮಾರಿ ಕುಟುಂಬಗಳ ಬಗ್ಗೆ ಇಂದಿಗೂ ಸಲೀಸಾಗಿ ‘ಅವರ ಚಾಳಿ ಅದು’ ಎನ್ನುವವರಿದ್ದಾರೆ. ಆ ನಾಲಗೆಯ ಮೇಲಿರುವುದು 1871ರ ಮಾತು.

ಮನುಷ್ಯರ ಬಗ್ಗೆ ಹೀಗೆ ಕಟುವಾಗಿರುವ ನಮ್ಮ ಮಾತು ನೆಲದ ಬಗ್ಗೆ ಬಹಳ ತಾಳ್ಮೆಯದು. ಮೂರು ವರ್ಷ ಮಳೆ ಕೈಕೊಟ್ಟು ಉತ್ತದೆ ಬಿಟ್ಟ ಹೊಲದಲ್ಲಿ ಕರಿಕೆ ಹಬ್ಬಿ, ಬದುವಿನಿಂದ ಒಳಗೆ ಬಳ್ಳಾರಿ ಜಾಲಿ ಇಳಿದರೆ ‘ಹೊಲ ಬೀಳು ಬಿತ್ತು’ ಎನ್ನುತ್ತೇವೆ. ಕೆಟ್ಟಿತು ಎನ್ನುವುದಿಲ್ಲ, ಹೊಲದ ಹುಟ್ಟುಗುಣ ಎನ್ನುವುದಿಲ್ಲ. ಬೀಳುಭೂಮಿಯನ್ನು ಜಾಲಿಯ ಬೇರು ಕಿತ್ತು, ಕಲ್ಲು ಆರಿಸಿ, ಗೊಬ್ಬರ ಹೊಡೆದು ಹಸನು ಮಾಡುತ್ತೇವೆ. ಮೊದಲ ವರ್ಷ ಕರಿಕೆ ಮತ್ತೆ ಚಿಗುರುತ್ತದೆ, ಅದು ಗೊತ್ತಿರುವ ಸಂಗತಿ. ಎರಡನೆಯ ಸಲವೂ ಉಳುತ್ತೇವೆ.

ಇದೇ ‘ಬೀಳು’ ಎಂಬ ಕ್ರಿಯಾಪದ ನಮ್ಮ ಸೀಮೆಯಲ್ಲಿ ಕೆರೆಗೂ ಸಲ್ಲುತ್ತದೆ. ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ವೇದಾವತಿ ನದಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ವಾಣಿ ವಿಲಾಸ ಸಾಗರ 1933ರಲ್ಲಿ ಒಮ್ಮೆ ತುಂಬಿ ಹರಿದದ್ದು ಬಿಟ್ಟರೆ ಮತ್ತೆ ತುಂಬಲಿಲ್ಲ. ಎಷ್ಟೋ ಬೇಸಿಗೆಗಳಲ್ಲಿ ತಳ ಕಾಣುವಂತೆ ಇಳಿದು, ಮಳೆಗಾಲದಲ್ಲಿ ಒಂದಿಷ್ಟು ಏರಿ, ಮತ್ತೆ ಇಳಿಯಿತು. ತಂದೆ ನೋಡದ್ದನ್ನು ಮಕ್ಕಳು ಕೇಳಿ ಮಾತ್ರ ಬಲ್ಲವರಾಗಿದ್ದರು. 2022ರ ಸೆಪ್ಟೆಂಬರ್‌ನಲ್ಲಿ, 89 ವರ್ಷಗಳ ಮೇಲೆ, ನೀರು 130 ಅಡಿಯ ಮಟ್ಟ ಮುಟ್ಟಿ ಹರಿಯತೊಡಗಿದಾಗ ಹಿರಿಯೂರು ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದ್ದದ್ದು ಎರಡೇ ಪದ: ‘ಕೋಡಿ ಬಿತ್ತು’.